‘ಕ್ಯಾನ್ಸರ್ ಕೊಲ್ಲುವ ಅಣು’ ಎಂಬ ಶೀರ್ಷಿಕೆ ಬೇಡ

ಮಾನ್ಯ ಸಂಪಾದಕರೇ,

ಜೀವಕೋಶದಲ್ಲಿ ಪ್ರೋಟೀನುಗಳ ತಯಾರಿಯನ್ನು ಹತೋಟಿಯಲ್ಲಿಡುವ ಪುಟ್ಟ ಅಣುವಾದ ಮೈಕ್ರೋ ಆರ್‌ಎನ್‌ಎಯ ಸಂಶೋಧನೆಗೆ 2024ರಲ್ಲಿ ನೊಬೆಲ್ ಬಂದ ಮೇಲಂತೂ ‘ಕ್ಯಾನ್ಸರ್ ತರುವ ಅಣು’, ‘ಕ್ಯಾನ್ಸರ್ ಕೊಲ್ಲುವ ಅಣು’ ಎಂಬ ಮಾತುಗಳು ಓದಲು ಸಿಗುತ್ತಲೇ ಇವೆ. ಜೀವಶಾಸ್ತ್ರ ಕಲಿಸುವ ನನಗೆ ಇವು ಸಂಕಟ ತರುತ್ತವೆ. ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳು) ಉದ್ದದ ಈ ಅಣು ಒಂಟಿಯಾಗಿ ಏನನ್ನೂ ಮಾಡಲಾರದು. ಅದರ ಹುಟ್ಟು, ಕೆಲಸ, ಸೋಲು ಎಲ್ಲವೂ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳ ಕೈಯಲ್ಲಿವೆ.

ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎಯನ್ನೇ ನೋಡಿ. ಜೀವಕೋಶಗಳನ್ನು ಬೆಳೆಯಲು ದೂಡುವ ರಾಸ್ ಪ್ರೋಟೀನಿನ ತಯಾರಿಯನ್ನು ಅದು ತಗ್ಗಿಸುತ್ತದೆ. ಲಿನ್28 ಎಂಬ ಪ್ರೋಟೀನು ಲೆಟ್-7ರ ಎಳೆಯ ರೂಪವನ್ನು ಹಿಡಿದುಕೊಂಡು ಅದು ಪಕ್ವವಾಗದಂತೆ ತಡೆಯುತ್ತದೆ. ಭ್ರೂಣದಲ್ಲಿ ಇದು ಬೇಕಾದ ಕೆಲಸವೇ. ವಯಸ್ಕರ ಬಹುಪಾಲು ಅಂಗಾಂಶಗಳಲ್ಲಿ ಲಿನ್28 ಸುಮ್ಮನಾಗಿರುತ್ತದೆ. ಹಲವು ಕ್ಯಾನ್ಸರ್‌ಗಳಲ್ಲಿ ಮತ್ತೆ ತಲೆ ಎತ್ತುತ್ತದೆ. ಆಗ ಲೆಟ್-7ರ ವಂಶವಾಹಿಯಲ್ಲಿ ಯಾವ ದೋಷವೂ ಇಲ್ಲದಿದ್ದರೂ ಲೆಟ್-7 ಇಲ್ಲವಾಗುತ್ತದೆ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಪಿ27 ಪ್ರೋಟೀನಿನ ಕಥೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಈ ಪ್ರೋಟೀನಿನ ತಯಾರಿಯ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎ ತನ್ನೊಳಗೇ ಮಡಚಿಕೊಂಡು, ಮೈಕ್ರೋ ಆರ್‌ಎನ್‌ಎ 221 ಮತ್ತು 222 ಕೂರುವ ಜಾಗವನ್ನು ಮರೆಮಾಡಿರುತ್ತದೆ. ಬೆಳವಣಿಗೆಯ ಸೂಚನೆ ಬಂದಾಗ ಪ್ಯೂಮಿಲಿಯೊ ಪ್ರೋಟೀನು ಅಂಟಿಕೊಂಡು ಆ ಮಡಿಕೆಯನ್ನು ಬಿಡಿಸುತ್ತದೆ. ಜಾಗ ಸಿಕ್ಕ ಮೈಕ್ರೋ ಆರ್‌ಎನ್‌ಎಗಳು ಪಿ27 ತಯಾರಿಯನ್ನು ತಗ್ಗಿಸುತ್ತವೆ, ಕಡಿವಾಣ ಸಡಿಲವಾಗುತ್ತದೆ. ಇಲ್ಲಿ ಯಾರನ್ನು ಖಳನೆನ್ನೋಣ?

ಮೈಕ್ರೋ ಆರ್‌ಎನ್‌ಎಗೂ ಕ್ಯಾನ್ಸರಿಗೂ ಇರುವ ನಂಟು ಸುಳ್ಳೆಂದು ನಾನು ಹೇಳುತ್ತಿಲ್ಲ. ದೀರ್ಘಕಾಲಿಕ ರಕ್ತಕ್ಯಾನ್ಸರ್‌ನ ಒಂದು ಬಗೆಯಲ್ಲಿ 13ನೇ ವರ್ಣತಂತುವಿನ ತುಣುಕಿನೊಂದಿಗೆ ಎರಡು ಮೈಕ್ರೋ ಆರ್‌ಎನ್‌ಎಗಳೂ ಕಳೆದುಹೋಗಿರುವುದು 2002ರಲ್ಲೇ ತಿಳಿಯಿತು. ಆದರೆ ಆ ತಿಳಿವಿನಿಂದ ಔಷಧದವರೆಗಿನ ದಾರಿ ದೂರದ್ದು. ಗೆಡ್ಡೆಗಳನ್ನು ಹತ್ತಿಕ್ಕುವ ಮೈಕ್ರೋ ಆರ್‌ಎನ್‌ಎ 34ರ ಕೃತಕ ರೂಪವನ್ನು ರೋಗಿಗಳಿಗೆ ಕೊಟ್ಟು ನೋಡಿದ ಮೊದಲ ಪ್ರಯೋಗ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ತೀವ್ರ ದುಷ್ಪರಿಣಾಮಗಳಿಂದಾಗಿ 2016ರಲ್ಲಿ ನಿಂತುಹೋಯಿತು.

ರೋಗಿಗಳ ಮನೆಯವರು ಇಂಥ ಸುದ್ದಿಗಳನ್ನು ಕತ್ತರಿಸಿ ಇಟ್ಟುಕೊಂಡು ವೈದ್ಯರ ಬಳಿಗೆ ಒಯ್ಯುತ್ತಾರೆ. ಆದ್ದರಿಂದ ಫಲ ಕಂಡದ್ದು ಗಾಜಿನ ತಟ್ಟೆಯ ಕೋಶಗಳಲ್ಲೋ, ಇಲಿಗಳಲ್ಲೋ, ಮನುಷ್ಯರಲ್ಲೋ ಎಂಬುದನ್ನು ವರದಿಯ ಮೊದಲ ಸಾಲುಗಳಲ್ಲೇ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಜೀವಶಾಸ್ತ್ರದ ಒಬ್ಬ ಅಧ್ಯಾಪಕಿ