ಅಧ್ಯಕ್ಷೆಯ ಡಾಂಗಲ್ ಯಾರ ಜೇಬಿನಲ್ಲಿ?

ಮಾನ್ಯರೇ,

ಯಾವುದೋ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಬಿಲ್ಲಿನ ಅವ್ಯವಹಾರದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದರೆ ಸಾಕು, ನಮ್ಮೂರ ಹೋಟೆಲಿನಲ್ಲಿ ‘ಹೆಂಗಸರ ಕೈಗೆ ಅಧಿಕಾರ ಕೊಟ್ಟರೆ ಇಷ್ಟೇ’ ಅನ್ನುತ್ತಾರೆ. ಗಂಡಸು ಸಿಕ್ಕಿಬಿದ್ದ ದಿನ ಗಂಡಸರ ಬಗ್ಗೆ ಹಾಗಂದವರನ್ನು ನಾನು ಕಂಡಿಲ್ಲ.

ನಾನೂ ಒಂದು ಅವಧಿ ಸದಸ್ಯೆಯಾಗಿದ್ದವಳು. ಸಭೆಯಲ್ಲಿ ನಮ್ಮ ಅಧ್ಯಕ್ಷೆಗೆ ಗೋಡೆ ಪಕ್ಕದ ಕುರ್ಚಿ, ಅವರ ಯಜಮಾನರಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿನ ಕುರ್ಚಿ. ಗುತ್ತಿಗೆದಾರರು ‘ಅಧ್ಯಕ್ಷರೇ’ ಅನ್ನುತ್ತಿದ್ದುದೂ ಯಜಮಾನರಿಗೇ. ಹಣ ಬಿಡುಗಡೆಗೆ ಬೇಕಾದ ಆಕೆಯ ಡಿಜಿಟಲ್ ಸಹಿಯ ಡಾಂಗಲ್ ಇವರ ಬೈಕಿನ ಕೀ ಗೊಂಚಲಿನಲ್ಲಿ ನೇತಾಡುತ್ತಿತ್ತು. ಚರಂಡಿಯ ಬಿಲ್ ಆಯಿತು, ಚರಂಡಿ ಆಗಲಿಲ್ಲ. ನೋಟಿಸ್ ಬಂದಾಗ ಮಾತ್ರ ಆಕೆಯ ಹೆಸರು ಇನಿಷಿಯಲ್ ಸಮೇತ ಸರಿಯಾಗಿತ್ತು. ‘ಅಕ್ಕಾ, ಇದರಾಗೆ ಏನು ಬರ್ದವ್ರೆ?’ ಎಂದು ಅದನ್ನು ನನ್ನ ಹತ್ತಿರ ತಂದಿದ್ದರು.

ಹಾಗಂತ ಹೆಂಗಸರು ದುಡ್ಡು ಮುಟ್ಟುವುದೇ ಇಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅಕ್ರಮ ಆಸ್ತಿ ಪ್ರಕರಣದಲ್ಲಿ ಜಯಲಲಿತಾ ಅವರ ಆಪ್ತೆ ಶಶಿಕಲಾ ಸುಮಾರು 4 ವರ್ಷ ಪರಪ್ಪನ ಅಗ್ರಹಾರದಲ್ಲಿದ್ದರು. ಅಷ್ಟು ದೂರ ಯಾಕೆ, ಮನೆ ಮಂಜೂರಿಗೆ ಕೈಯೊಡ್ಡುತ್ತಿದ್ದ ಸದಸ್ಯೆ ನಮ್ಮಲ್ಲೇ ಇದ್ದರು, ಗಂಡನ ಒತ್ತಾಯವೇನೂ ಇಲ್ಲದೆ. ಅಂಥವರಿಗೆ ಶಿಕ್ಷೆಯಾಗಲಿ. ನನ್ನ ತಕರಾರು, ಸಹಿ ಹಾಕಿದವರು ಕಟಕಟೆಗೆ ಹೋಗಿ ತಿಂದವರು ಮನೆಯಲ್ಲಿ ಉಳಿಯುವುದರ ಬಗ್ಗೆ.

2010ರಿಂದ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧ ಪಾಲು ಇದೆ. ಮೇಲಕ್ಕೆ ಹೋದರೆ 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದ ಮಹಿಳೆಯರು 10. ಅನುದಾನ ಎಲ್ಲಿಗೆ, ಟಿಕೆಟ್ ಯಾರಿಗೆ ಎಂದು ತೀರ್ಮಾನವಾಗುವ ಕಡೆ ನಾವಿಲ್ಲ, ಬಿಲ್ಲಿಗೆ ಸಹಿ ಬೀಳುವ ಕಡೆ ಇದ್ದೇವೆ.

ತನಿಖೆಗೆ ಬರುವವರು ಬೈಕಿನ ಕೀ ಗೊಂಚಲನ್ನೂ ನೋಡಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 7ಎ ಕಲಂ ಪ್ರಕಾರ, ಸರ್ಕಾರಿ ಕೆಲಸದಲ್ಲಿರುವವರ ಮೇಲೆ ಪ್ರಭಾವ ಬೀರಿ ಕೆಲಸ ಮಾಡಿಸಿಕೊಡುತ್ತೇನೆಂದು ದುಡ್ಡು ತೆಗೆದುಕೊಳ್ಳುವ ಖಾಸಗಿ ವ್ಯಕ್ತಿಯೂ ಅಪರಾಧಿಯೇ. ಗಂಡಂದಿರ ಮೇಲೆ ಅದನ್ನು ಹಾಕಲು ಅಡ್ಡಿ ಏನು? ಡಾಂಗಲ್ ಬಳಸುವಾಗ ಅಧ್ಯಕ್ಷೆ ಕಚೇರಿಯಲ್ಲೇ ಇದ್ದರು ಎಂಬುದಕ್ಕೆ ದಾಖಲೆ ಕೇಳುವುದೇನು ಕಷ್ಟವೇ?

ನಮ್ಮ ಆ ಅಧ್ಯಕ್ಷೆ ಈಗಲೂ ತಾಲ್ಲೂಕು ಪಂಚಾಯಿತಿಗೆ ಅಲೆಯುತ್ತಿದ್ದಾರೆ. ಯಜಮಾನರು ಮುಂದಿನ ಮೀಸಲಾತಿ ಪಟ್ಟಿಗೆ ಕಾಯುತ್ತಿದ್ದಾರೆ. ಈ ಸಲ ಸೊಸೆಯನ್ನು ನಿಲ್ಲಿಸುತ್ತಾರಂತೆ.

— ಮಾಜಿ ಗ್ರಾ.ಪಂ. ಸದಸ್ಯೆ, ತುಮಕೂರು ಜಿಲ್ಲೆ