ಕೊನೆಯ ಪದದವರೆಗೂ ಕೇಳು

ಪ್ರೀತಿಯ ಪುಟ್ಟಿ,

ಆಶು ಅಭಿನಯದ, ಅಂದರೆ ಬರೆದಿಟ್ಟ ಮಾತಿಲ್ಲದೆ ಆ ಕ್ಷಣಕ್ಕೆ ಹೊಳೆದಂತೆ ಆಡುವ ನಾಟಕದ, ತರಗತಿಗೆ ಸೇರಿದ್ದು ಬಹಳ ಒಳ್ಳೆಯದಾಯಿತು. ‘ತಟ್ಟನೆ ಮಾತು ಹೊಳೆಯೋದೇ ಇಲ್ಲ ಅತ್ತೆ’ ಅಂತ ಬರೆದಿದ್ದೀಯಲ್ಲ, ಅದು ಬುದ್ಧಿಯ ಕೊರತೆಯಲ್ಲ, ಕಿವಿಯದು. ಜೊತೆಯವರು ಮಾತು ಮುಗಿಸುವ ಮೊದಲೇ ನೀನು ಉತ್ತರ ಹೆಣೆಯಲು ಕೂರುತ್ತೀಯ. ಅಷ್ಟರಲ್ಲಿ ಅವರ ಅರ್ಧ ಮಾತು ಗಾಳಿಗೆ ಹೋಗಿರುತ್ತದೆ.

ಇದಕ್ಕೊಂದು ಆಟವಿದೆ. ಇಬ್ಬರು ಎದುರುಬದುರು ಕೂತು ಮಾತಾಡಿ. ಅವರ ವಾಕ್ಯದ ಕೊನೆಯ ಪದದಿಂದಲೇ ನಿನ್ನ ವಾಕ್ಯ ಶುರುವಾಗಬೇಕು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ಮೊದಮೊದಲು ತೊಡಕೆನಿಸುತ್ತದೆ, ಬಿಡಬೇಡ. ‘ರಾತ್ರಿ ಅಣ್ಣ ಬಂದ’ ಅಂದರೆ, ‘ಬಂದ, ಆದರೆ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ’ ಅನ್ನು. ಕೊನೆಯ ಪದಕ್ಕೆ ಕಾಯಲೇಬೇಕಾದ್ದರಿಂದ ಮೊದಲೇ ಹೆಣೆಯಲು ದಾರಿಯೇ ಇರುವುದಿಲ್ಲ. ದಿನಕ್ಕೆ 5 ನಿಮಿಷ ಸಾಕು.

ದೃಶ್ಯ ಕಟ್ಟುವಾಗ, ಕೊಟ್ಟಿದ್ದನ್ನು ಒಪ್ಪಿಕೊಂಡು ಒಂದು ಸಂಗತಿ ಸೇರಿಸು. ‘ಡಾಕ್ಟರೇ, ಕಾಲು ಊದಿದೆ’ ಅಂದವರಿಗೆ ‘ನಾನು ಡಾಕ್ಟರಲ್ಲ’ ಅಂದರೆ ದೃಶ್ಯ ಅಲ್ಲೇ ಮುರಿಯಿತು. ‘ಏನಾಯ್ತು?’ ಅಂದರೂ ಕಟ್ಟುವ ಹೊರೆಯೆಲ್ಲ ಅವರ ಮೇಲೇ ಬಿತ್ತು. ‘ಮತ್ತೆ ಆ ಹಳೇ ಶೂ ಹಾಕ್ಕೊಂಡು ಓಡಿದ್ರಾ? ಎಷ್ಟು ಸಲ ಹೇಳಿದೀನಿ!’ ಅನ್ನು. ಹಳೆಯ ಪರಿಚಯ, ಹಠಮಾರಿ ರೋಗಿ, ಡಾಕ್ಟರ ಸಿಟ್ಟು ಎಲ್ಲವೂ ಒಂದೇ ಉಸಿರಿಗೆ ಬಂದವು. ಯಾರು, ಎಲ್ಲಿ, ಏನು ನಡೆಯುತ್ತಿದೆ ಎನ್ನುವುದು ಮೊದಲ ಮೂರ್ನಾಲ್ಕು ಮಾತಿನೊಳಗೆ ತಿಳಿಯಬೇಕು. ನಗಿಸಲು ಮಾತ್ರ ಹೋಗಬೇಡ. ಜೋಕಿಗಾಗಿ ಪಾತ್ರವನ್ನು ಬಿಟ್ಟುಕೊಟ್ಟರೆ ಒಂದು ನಗು ಸಿಗುತ್ತದೆ, ಮುಂದಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ.

ಇಲ್ಲದ ಲೋಟವನ್ನು ಇಲ್ಲದ ಮೇಜಿನ ಮೇಲಿಟ್ಟೆಯಾ? ಆಮೇಲೆ ಆ ಮೇಜಿನೊಳಗೇ ನಡೆದು ಹೋಗಬೇಡ. ಪ್ರೇಕ್ಷಕರಿಗೆ ಅದು ನೆನಪಿರುತ್ತದೆ.

ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿದ್ದ ನಾಟಕ ನಿರ್ದೇಶಕ ಕೀತ್ ಜಾನ್‌ಸ್ಟನ್, ಯಾರು ಮೇಲು ಯಾರು ಕೆಳಗೆ ಎನ್ನುವುದನ್ನು ನಡೆನುಡಿಯಲ್ಲೇ ತೋರಿಸುವ ಅಂತಸ್ತಿನ ಆಟವನ್ನು ನಟರಿಗೆ ಕಲಿಸಿದರು. ತಲೆ ಅಲುಗಿಸದೆ ಮಾತಾಡಿದರೆ ತೂಕ ಬರುತ್ತದೆ. ಕೈ ಪದೇಪದೇ ಮುಖಕ್ಕೆ ಹೋದರೆ ಇಳಿಯುತ್ತದೆ. ಒಂದೇ ವಾಕ್ಯವನ್ನು ಎರಡೂ ಬಗೆಯಲ್ಲಿ ಕನ್ನಡಿ ಮುಂದೆ ಆಡಿ ನೋಡು. ಸಂದರ್ಶನಕ್ಕೆ ಹೋದಾಗ ಇದೇ ಕೈಹಿಡಿಯುತ್ತದೆ.

ಒಂದು ಎಚ್ಚರಿಕೆ. ಒಪ್ಪಿಕೊಳ್ಳುವುದು ಪಾತ್ರದ ಲೋಕವನ್ನು, ನಿನಗೆ ಬೇಡವಾದ ಸ್ಪರ್ಶವನ್ನಲ್ಲ. ಮುಟ್ಟುವುದು, ಎತ್ತುವುದು ಇದ್ದರೆ ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ರಂಗದ ಹೊರಗೂ ಅಷ್ಟೇ: ಎದುರಿನವರ ಮಾತನ್ನು ಪೂರ್ತಿ ಕೇಳಿದ ಮೇಲೂ ‘ಆಗಲ್ಲ’ ಅನ್ನಬಹುದು.

ಮೊದಲ ಹದಿನೈದು ದಿನ ಕೊನೆಯ ಪದದ ಆಟ ಬಿಟ್ಟು ಬೇರೇನೂ ಬೇಡ. ಜೊತೆಗೆ ಯಾರೂ ಸಿಗದಿದ್ದರೆ ರಾತ್ರಿ ಫೋನ್ ಮಾಡು, ಇಬ್ಬರೂ ಆಡೋಣ.

ನಿನ್ನ ಸೋದರತ್ತೆ