ಏಳಬೇಕು ಅಂತಲೇ ಅನಿಸಲ್ಲ ಅಂದೆಯಲ್ಲ

ಶಿವಮೊಗ್ಗ

ಪ್ರೀತಿಯ ಮಾಲೂ, ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆ ರಿಪೇರಿ, ಮೊಮ್ಮಗನ ಶಾಲೆ, ನಿನ್ನ ಪೆನ್ಶನ್ ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, 'ನೆಲದಿಂದ ಏಳೋದು ಕಷ್ಟ ಆಗ್ತಿದೆ ಚಿಕ್ಕಮ್ಮ, ಈಗೀಗ ಏಳಬೇಕು ಅಂತಲೇ ಅನಿಸಲ್ಲ, ನಾನೂ ಅಮ್ಮನ ಹಾಗೇ ಆಗ್ತೀನೇನೋ' ಅಂತ. ಅದನ್ನು ಓದಿದ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಮನಸ್ಸು ಕುಗ್ಗಿಹೋಗಿದ್ದ ಅಕ್ಕನ ಕೊನೆಯ ವರ್ಷಗಳ ಬಗ್ಗೆ ಮಗಳಾದ ನಿನಗೆ ಹೇಳಬೇಕಾದ್ದೇನಿಲ್ಲ. ಆದರೆ ಅದಕ್ಕೂ ಮುಂಚಿನ ಅಕ್ಕನನ್ನು ನೀನು ನೋಡಿಲ್ಲ. ನಮ್ಮ ಮನೆಯ ಬಾವಿ ಆಳ. ಬೇಸಿಗೆಯಲ್ಲಿ ನೀರು ಸೇದಿ ಸೇದಿ ಅಂಗೈ ಕೆಂಪಾಗುತ್ತಿತ್ತು. ಅಕ್ಕ ಒಂದು ಕಾಲನ್ನು ಬಾವಿಕಟ್ಟೆಗೆ ಒತ್ತಿ ನಿಂತು, ಬರೀ ತೋಳಿನಿಂದ ಅಲ್ಲ, ಇಡೀ ಮೈಯಿಂದ ಹಗ್ಗ ಎಳೆಯುತ್ತಿದ್ದಳು. ತುಂಬಿದ ಕೊಡ ಸೊಂಟಕ್ಕೊಂದು, ಕೈಗೊಂದು. ಹಾಡು ಹೇಳುತ್ತಲೇ ಹೋಗುತ್ತಿದ್ದಳು. ಅಂಥವಳಿಗೆ ಗರ್ಭಕೋಶದ ಆಪರೇಷನ್ ಆದಾಗ 'ಭಾರ ಎತ್ತಬೇಡಿ' ಅಂದರು. ಅದು ಕೆಲವು ವಾರದ ಮಾತು. ಎಷ್ಟು ದಿನ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಅಕ್ಕ ಮತ್ತೆ ಕೊಡ ಮುಟ್ಟಲೇ ಇಲ್ಲ. ನಲ್ಲಿ ಬಂತು, ಮಿಕ್ಸಿ ಬಂತು. ಕೂತ್ಕೋ ಕೂತ್ಕೋ ಅಂದವರೆಲ್ಲ ಪ್ರೀತಿಯಿಂದಲೇ ಅಂದದ್ದು. ನನಗೆ ಇವತ್ತಿಗೂ ಅದೇ ಸಂಕಟ.

ಅಮ್ಮನ ಹಾಗೇ ಆಗ್ತೀನಾ ಅಂತ ಕೇಳ್ತೀಯ. ಮನಸ್ಸಿನ ಕಾಯಿಲೆಯಲ್ಲಿ ವಂಶದ ಪಾಲು ಸ್ವಲ್ಪ ಇರುತ್ತದೆ, ಇಲ್ಲ ಅನ್ನಲ್ಲ. ಹಾಗಂತ ಎಲ್ಲವೂ ಹಣೆಬರಹ ಅಲ್ಲ. ಮುಟ್ಟು ನಿಂತ ಮೇಲೆ ನಮಗೆ ಮೂಳೆ ಬೇಗ ಸವೆಯುತ್ತದೆ, ಸ್ನಾಯುವೂ ಕರಗುತ್ತದೆ. ಏಳೋಕೆ ಕಷ್ಟ ಆದವಳು ಮೊದಲು ದೇವಸ್ಥಾನ ಬಿಡುತ್ತಾಳೆ, ಆಮೇಲೆ ಮದುವೆಮನೆ ಬಿಡುತ್ತಾಳೆ. ಬಿದ್ದುಬಿಟ್ಟರೆ ಅನ್ನೋ ಭಯ. ಜನರ ಮುಖ ನೋಡದೆ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮೇಲೆ ಮೈ ಅಲುಗಿಸೋಕೂ ಬೇಡ ಅನಿಸುತ್ತದೆ. ಅಕ್ಕನಿಗೆ ಇದರಲ್ಲಿ ಯಾವುದು ಮೊದಲಾಯಿತು ಅಂತ ರಾತ್ರಿ ನಿದ್ದೆ ಬಾರದಾಗ ಈಗಲೂ ಯೋಚಿಸುತ್ತೇನೆ.

ನಿನ್ನ ಚಿಕ್ಕಪ್ಪ ಹೋದ ಮೇಲೆ ನನಗೂ ಹಾಗೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಮೊಣಕಾಲು ನೋವು ಅಂತ ಆಸ್ಪತ್ರೆಗೆ ಹೋದೆ. ಅಲ್ಲಿನ ಫಿಸಿಯೋಥೆರಪಿ ಹುಡುಗಿ ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಎದ್ದೇಳಿ ಅಂದಳು. ಆಗಲಿಲ್ಲ. ದಿಂಬು ಹಾಕಿ ಎತ್ತರ ಮಾಡಿಕೊಟ್ಟಳು, ಆಯಿತು. ದಿನ ಕಳೆದ ಹಾಗೆ ದಿಂಬು ತೆಗೆದಳು. ಆಮೇಲೆ ಒಂದು ಕೆಜಿ ಅಕ್ಕಿ ಹಾಕಿದ ಬಟ್ಟೆ ಚೀಲವನ್ನು ಎದೆಗೆ ಅವುಚಿಕೊಂಡು ಏಳೋದು. ಒಂದು ಬೆಳಿಗ್ಗೆ ರಂಗೋಲಿ ಹಾಕಿ ಬಾಗಿಲು ಹಿಡಿಯದೆ ಎದ್ದೆ. ಅವತ್ತು ಸಾರು ಮಾಡಬೇಕು ಅನಿಸಿತು ಮಾಲೂ. ಬಹಳ ದಿನದ ಮೇಲೆ.

ಆ ಹುಡುಗಿ ಓದಿಕೊಂಡವಳು. ಅಮೆರಿಕದ ಬಾಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನವರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದ್ದರಂತೆ, 1990ರಲ್ಲಿ ಅದನ್ನು ಪ್ರಕಟಿಸಿದರಂತೆ. ಕಾಲಿನ ಬಲ ಎರಡು ಪಟ್ಟು ದಾಟಿತ್ತು. ಆ ವಯಸ್ಸಿನಲ್ಲಿ! ನಿನಗಿನ್ನೂ ಅರವತ್ತು ತುಂಬಿಲ್ಲ. ಮನಸ್ಸಿನ ವಿಷಯವೂ ಇದೆ. 33 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2018ರಲ್ಲಿ ಬರೆದಿದ್ದಾರೆ. ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಲಕ್ಷಣ ಇಳಿದಿತ್ತು. ಬಲ ಅಷ್ಟಾಗಿ ಬರದಿದ್ದರೂ ಇಳಿದಿತ್ತು. ನನಗೆ ಹಿಡಿಸಿದ್ದು ಅದೇ ಮಾತು. ನೀನು ಪೈಲ್ವಾನ್ ಆಗಬೇಕಾಗಿಲ್ಲ.

ಉಪದೇಶ ಜಾಸ್ತಿ ಆಯಿತೇನೋ, ಬೇಜಾರು ಮಾಡ್ಕೋಬೇಡ. ಈ ಭಾರ ಎತ್ತುವ ವ್ಯಾಯಾಮ ವಾರಕ್ಕೆ ಎರಡು ದಿನ ಸಾಕು, ವಿಶ್ವ ಆರೋಗ್ಯ ಸಂಸ್ಥೆಯೂ ಕಡಿಮೆ ಅಂದರೆ ಅಷ್ಟೇ ಹೇಳುತ್ತದೆ. ಎತ್ತುವಾಗ ಉಸಿರು ಬಿಗಿಹಿಡಿಯಬೇಡ, ನಿನಗೆ ಬಿಪಿ ಇದೆ. ಬರೀ ವಾಕಿಂಗ್ ಸಾಲದು. ರಾತ್ರಿ ಅನ್ನ ಮಜ್ಜಿಗೆಯಲ್ಲೇ ಮುಗಿಸುತ್ತೀಯ ಅಲ್ವಾ, ಸ್ನಾಯುವಿಗೆ ಪ್ರೋಟೀನ್ ಬೇಕು, ಒಂದಿಷ್ಟು ಹುರುಳಿಕಾಳೋ ಹೆಸರುಕಾಳೋ ಇರಲಿ.

ಇನ್ನೊಂದು. ಏಳಬೇಕು ಅನಿಸದೆ ಇರೋದಕ್ಕೆ ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ ಕೂಡ ಕಾರಣ ಇರಬಹುದು. ರಕ್ತ ಪರೀಕ್ಷೆ ಮಾಡಿಸು. ಡಾಕ್ಟರ್ ಮಾತ್ರೆ ಕೊಟ್ಟರೆ ತಗೋ, ವ್ಯಾಯಾಮ ಅದಕ್ಕೆ ಬದಲಿ ಅಲ್ಲ. ಅಕ್ಕನ ಕಾಲದಲ್ಲಿ ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತಲೇ ಗೊತ್ತಿರಲಿಲ್ಲ. ಈಗ 14416 ಅಂತ ಟೆಲಿ ಮಾನಸ್ ನಂಬರ್ ಇದೆ, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ. ರಾತ್ರಿ ಹಗಲು ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕೇ ಬೇಡ ಅನ್ನುವಷ್ಟು ಆದರೆ ಒಂದು ಗಳಿಗೆಯೂ ಕಾಯಬೇಡ. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಮುಂದಿನ ತಿಂಗಳು ನಾನೇ ಬಂದು ಒಂದು ವಾರ ಇರುತ್ತೇನೆ. ಬೇಡ ಅನ್ನಬೇಡ. ಅಷ್ಟರಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟ್ ತೆಗೆದಿಟ್ಟಿರು.

ನಿನ್ನ ಚಿಕ್ಕಮ್ಮ